ಟೆಕ್ಸಾಸಿಂದ ಮೇರಿಲ್ಯಾಂಡ್‌ಗೆ ಶಿಫ್ಟ್ ಆಗ್ತಿದೀನಿ, ರೈಫಲ್‌ನ ಟ್ರಿಗ್ಗರ್ ಬಗ್ಗೆ ಕಾನೂನು ಗೊತ್ತಿರೋರು ದಯವಿಟ್ಟು ಹೇಳಿ

ಡಲ್ಲಾಸ್ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ ಉತ್ತರ ಕೊಡಿ ಪ್ಲೀಸ್, ನಿಜವಾಗ್ಲೂ ಭಯ ಆಗಿದೆ.

ನಾನು ಗ್ರೀನ್ ಕಾರ್ಡ್ ಹೋಲ್ಡರ್, ಡಲ್ಲಾಸ್ ಹತ್ರ ಇದೀನಿ. ನಾಲ್ಕು ತಿಂಗಳ ಹಿಂದೆ ಇಲ್ಲೇ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ರೈಫಲ್ ತಗೊಂಡೆ, ಎಆರ್-15 ಮಾದರಿದು, ಬ್ಯಾಕ್‌ಗ್ರೌಂಡ್ ಚೆಕ್ ಎಲ್ಲಾ ಸರಿಯಾಗೇ ಆಯ್ತು. ಟ್ರಿಗ್ಗರ್ ಒರಿಜಿನಲ್ ಅಲ್ಲ, ಹಳೇ ಓನರ್ ಒಳ್ಳೇದು ಹಾಕ್ಸಿದಾನೆ ಅಂತಷ್ಟೇ ಅಂಗಡಿಯವರು ಹೇಳಿದ್ರು. ಒಳ್ಳೇದು ಅಂದ್ರೆ ಏನು ಅಂತ ನಾನೂ ಕೇಳ್ಲಿಲ್ಲ, ಅದು ನನ್ನ ತಪ್ಪೇ.

ಹೋದ ವಾರ ರೇಂಜಲ್ಲಿ ಹೊಡೀತಾ ಇದ್ದೆ. ಸೇಫ್ಟಿ ತೆಗೆಯೋವಾಗ ಹೆಬ್ಬೆರಳು ಯಾವಾಗ್ಲೂ ನಿಲ್ಲೋ ಜಾಗಕ್ಕಿಂತ ಸ್ವಲ್ಪ ಮುಂದಕ್ಕೆ ಹೋಯ್ತು ಅನ್ಸುತ್ತೆ. ಟ್ರಿಗ್ಗರ್ ಎಳೆದೆ, ಗುಂಡು ಹೋಯ್ತು. ಬೆರಳು ಬಿಟ್ಟೆ, ಬಿಟ್ಟಿದ್ದಕ್ಕೆ ಇನ್ನೊಂದು ಗುಂಡು ಹೋಯ್ತು! ಎಳೀಲಿಲ್ಲ, ಬರೀ ಬಿಟ್ಟೆ ಅಷ್ಟೇ. ರೈಫಲ್ ಟಾರ್ಗೆಟ್ ಕಡೆಗೇ ಇತ್ತು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಕೈ ನಡುಗೋದು ಒಂದರ್ಧ ಗಂಟೆ ನಿಲ್ಲಲಿಲ್ಲ. ರೇಂಜ್ ಆಫೀಸರ್ ಬಂದು ನೋಡಿ, ಇದು ಬೈನರಿ ಟ್ರಿಗ್ಗರ್, ಸೆಲೆಕ್ಟರಲ್ಲಿ ಮೂರನೇ ಪೊಸಿಷನ್ ಇದೆ ನೋಡು ಅಂತ ತೋರಿಸಿದ್ರು. ಸೇಫ್, ಸೆಮಿ (ಅಂದ್ರೆ ಒಂದ್ಸಲ ಎಳೆದ್ರೆ ಒಂದೇ ಗುಂಡು), ಆಮೇಲೆ ಇನ್ನೊಂದು ಚಿಕ್ಕ ಗುರುತು. ನಾಲ್ಕು ತಿಂಗಳಿಂದ ನನ್ನ ಹೆಬ್ಬೆರಳ ಕೆಳಗೇ ಇತ್ತು, ನಾನು ಗಮನಿಸಿರಲೇ ಇಲ್ಲ.

ಟೆಕ್ಸಾಸಲ್ಲಿ ಇದು ಲೀಗಲ್ ಅಂತ ಅವರೇ ಹೇಳಿದ್ರು. ಪ್ರಾಬ್ಲಂ ಏನಂದ್ರೆ ಎರಡು ತಿಂಗಳಲ್ಲಿ ನನಗೆ ಬಾಲ್ಟಿಮೋರ್‌ಗೆ ಟ್ರಾನ್ಸ್‌ಫರ್. 2024ರಲ್ಲಿ ಸುಪ್ರೀಂ ಕೋರ್ಟ್ ಬಂಪ್ ಸ್ಟಾಕ್ (ಬಂದೂಕು ಬೇಗ ಬೇಗ ಹೊಡೆಯೋ ಹಾಗೆ ಮಾಡೋ ಸ್ಟಾಕ್, ಅಂದ್ರೆ ಭುಜಕ್ಕೆ ಒತ್ತೋ ಹಿಂಭಾಗ) ಓಕೆ ಅಂದ ಮೇಲೆ ಈ ಥರದ್ದೆಲ್ಲ ಇಡೀ ದೇಶದಲ್ಲಿ ಓಕೆ ಅಂತ ಫ್ರೆಂಡ್ ಹೇಳ್ತಿದಾನೆ. ಮೂವಿಂಗ್ ಟ್ರಕ್ಕಲ್ಲಿ ಹಾಕ್ಕೊಂಡು ಹೋಗ್ಬಹುದಾ? ಮೂರನೇ ಪೊಸಿಷನ್ ಯೂಸ್ ಮಾಡದೇ ಇದ್ರೆ ಸಾಕಾ?

ಬಾಲ್ಟಿಮೋರ್ ವಾಸಿ

ಟ್ರಕ್ಕಿಗೆ ಹಾಕ್ಬೇಡಿ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಕಾರಣ ಆಮೇಲೆ.

ಮೇರಿಲ್ಯಾಂಡಲ್ಲಿ 2018ರ ಅಕ್ಟೋಬರ್ 1ರಿಂದ "ರ‍್ಯಾಪಿಡ್ ಫೈರ್ ಟ್ರಿಗ್ಗರ್ ಆಕ್ಟಿವೇಟರ್" ಅನ್ನೋದನ್ನ ಬ್ಯಾನ್ ಮಾಡಿದಾರೆ. ಡೆಫಿನಿಷನ್ ನಾನು ಕೂತ್ಕೊಂಡು ಓದಿದೀನಿ, ಯಾಕಂದ್ರೆ ನಾನೂ ಇಲ್ಲಿಗೆ ಬೇರೆ ಸ್ಟೇಟಿಂದ ಬಂದವನೇ. ಬಂದೂಕಿಗೆ ಹಾಕಿದ್ರೆ ಟ್ರಿಗ್ಗರ್ ಕೆಲಸ ಮಾಡೋ ವೇಗ ಜಾಸ್ತಿಯಾಗ್ಬೇಕು, ಇಲ್ಲಾ ಗುಂಡು ಹಾರೋ ವೇಗ ಜಾಸ್ತಿಯಾಗ್ಬೇಕು, ಅಂಥ ಯಾವ ಸಾಧನ ಆದ್ರೂ ಇದರಲ್ಲಿ ಬರುತ್ತೆ. ಅಷ್ಟಕ್ಕೇ ಬಿಟ್ಟಿಲ್ಲ, ಹೆಸರು ಹಿಡಿದೂ ಬರೆದಿದಾರೆ: ಬಂಪ್ ಸ್ಟಾಕ್, ಟ್ರಿಗ್ಗರ್ ಕ್ರ್ಯಾಂಕ್, ಹೆಲ್‌ಫೈರ್ ಟ್ರಿಗ್ಗರ್, ಬೈನರಿ ಟ್ರಿಗ್ಗರ್ ಸಿಸ್ಟಮ್, ಬರ್ಸ್ಟ್ ಟ್ರಿಗ್ಗರ್ ಸಿಸ್ಟಮ್, ಇಲ್ಲಾ ಅದರದ್ದೇ ಕಾಪಿ, ಯಾವ ಕಂಪನಿ ಮಾಡಿದ್ರೂ ಸರಿ. ನಿಮ್ಮದು ಹೆಸರಿನ ಸಮೇತ ಲಿಸ್ಟಲ್ಲಿದೆ. ವಾದ ಮಾಡೋಕೆ ಜಾಗವೇ ಇಲ್ಲ.

ಇನ್ನು "ಯೂಸ್ ಮಾಡದೇ ಇದ್ರೆ" ಅಂದ್ರಲ್ಲ. ಕಾನೂನು ಯೂಸ್ ಬಗ್ಗೆ ಮಾತಾಡ್ತಿಲ್ಲ, ಹತ್ರ ಇಟ್ಕೊಳ್ಳೋದು, ಮಾರೋದು, ಕೊಡೋದು, ತಗೊಳ್ಳೋದು ಎಲ್ಲಾ ನಿಷೇಧ, ಎಲ್ಲಕ್ಕಿಂತ ಮೊದಲು ಸ್ಟೇಟ್ ಒಳಗೆ ಸಾಗಿಸಿ ತರೋದೇ ತಪ್ಪು ಅಂತ ಬರೆದಿದೆ. ಅಂದ್ರೆ ನೀವು ಬಾಕ್ಸ್ ಬಿಚ್ಚೋದೇ ಬೇಡ, ಟ್ರಕ್ ಬಾರ್ಡರ್ ದಾಟಿದ ಕ್ಷಣಕ್ಕೇ ಆಗ್ಹೋಯ್ತು. ಮೂರು ವರ್ಷದವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ, ಎರಡೂ ಆಗ್ಬಹುದು. ನೀವು ಗ್ರೀನ್ ಕಾರ್ಡಲ್ಲಿ ಇರೋದ್ರಿಂದ ಬಂದೂಕಿನ ಕೇಸ್ ಅಂದ್ರೆ ಇಮಿಗ್ರೇಷನ್‌ಗೂ ತಗಲ್ಹಾಕ್ಕೊಳ್ಳುತ್ತೆ, ಅದು ದಂಡಕ್ಕಿಂತ ದೊಡ್ಡ ತಲೆನೋವು.

ಹಳೇ ಓನರ್‌ಗಳಿಗೆ ಒಂದು ರಿಯಾಯಿತಿ ಇತ್ತು, ಆದ್ರೆ ಅದು ನಿಮಗಲ್ಲ. ಕಾನೂನು ಜಾರಿಗೆ ಬರೋ ಮುಂಚೆಯೇ ಹತ್ರ ಇಟ್ಕೊಂಡಿದ್ದೋರು ಎಟಿಎಫ್‌ಗೆ (ಬಂದೂಕುಗಳನ್ನ ನೋಡ್ಕೊಳ್ಳೋ ಫೆಡರಲ್ ಇಲಾಖೆ) ಅರ್ಜಿ ಹಾಕಿ ಪರ್ಮಿಷನ್ ತಗೊಂಡ್ರೆ ಇಟ್ಕೊಳ್ಬಹುದು ಅಂತ ಬರೆದಿದ್ರು. ಎಟಿಎಫ್‌ನೋರು ಅಂಥ ಅರ್ಜಿ ತಗೊಳ್ಳೋ ಅಧಿಕಾರವೇ ನಮಗಿಲ್ಲ ಅಂತ 2018ರಲ್ಲೇ ಹೇಳ್ಬಿಟ್ರು. ಕಾಗದದ ಮೇಲೆ ಬಾಗಿಲು ಇತ್ತು, ಆಚೆ ಕಡೆಯಿಂದ ಬೀಗ. ಆ ಜನಕ್ಕೆ ಆಗಿದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಕೋರ್ಟಿಗೂ ಹೋದ್ರು, 2020ರಲ್ಲಿ ಫೋರ್ತ್ ಸರ್ಕ್ಯೂಟ್ ಅನ್ನೋ ಫೆಡರಲ್ ಅಪೀಲ್ ಕೋರ್ಟಲ್ಲಿ ಸೋತ್ರು.

ರೇಂಜ್ ಭಾನುವಾರ

ಮೇಲಿನವರು ಹೇಳಿದ್ದು ಸರಿ. ನಾನು ಫ್ಲೋರಿಡಾದಲ್ಲಿದೀನಿ, ರೇಂಜಲ್ಲಿ ವಾಲಂಟಿಯರ್ ಮಾಡ್ತೀನಿ, ನಿಮಗೆ ಆಗಿದ್ದು ನೋಡಿ ಒಂದೆರಡು ವಿಷಯ ಹೇಳ್ಬೇಕು ಅನ್ನಿಸ್ತು.

ಮಾಮೂಲಿ ಸೆಮಿ ಆಟೋದಲ್ಲಿ ಏನಾಗುತ್ತೆ ಅಂದ್ರೆ, ಟ್ರಿಗ್ಗರ್ ಎಳೆದಾಗ ಹ್ಯಾಮರ್ ಬಿಡುಗಡೆಯಾಗಿ ಹೊಡೆಯುತ್ತೆ, ಗುಂಡಿನ ಒತ್ತಡಕ್ಕೆ ಬೋಲ್ಟ್ ಹಿಂದೆ ಬಂದು ಹ್ಯಾಮರನ್ನ ಮತ್ತೆ ಮಡಚುತ್ತೆ, ಆಗ ನಿಮ್ಮ ಬೆರಳು ಇನ್ನೂ ಒತ್ತೇ ಇರುತ್ತಲ್ಲ, ಹಾಗಾಗಿ ಡಿಸ್ಕನೆಕ್ಟರ್ ಅನ್ನೋ ಒಂದು ಕೊಕ್ಕೆ ಹ್ಯಾಮರನ್ನ ಹಿಡ್ಕೊಂಡಿರುತ್ತೆ. ಬೆರಳು ಸಡಿಲ ಮಾಡಿದಾಗ ಆ ಕೊಕ್ಕೆ ಹ್ಯಾಮರನ್ನ ಟ್ರಿಗ್ಗರ್‌ಗೆ ಒಪ್ಪಿಸುತ್ತೆ, ಟಿಕ್ ಅಂತ ಬೆರಳ ತುದಿಗೆ ತಾಗುತ್ತೆ, ಅದನ್ನೇ ರಿಸೆಟ್ ಅನ್ನೋದು. ಬೈನರಿಯಲ್ಲಿ ಆ ಟಿಕ್ ಬರೋ ಜಾಗದಲ್ಲೇ ಹ್ಯಾಮರ್ ಇನ್ನೊಂದು ಸಲ ಬಿಡುಗಡೆಯಾಗುತ್ತೆ. ವರ್ಷಗಟ್ಲೆ ಅಭ್ಯಾಸ ಮಾಡಿದೋರಿಗೂ ಬಿಡೋದು ಅಂದ್ರೆ ನಿಲ್ಲಿಸೋದು ಅಂತಲೇ ಕೈ ಕಲ್ತಿರುತ್ತೆ, ಅದಕ್ಕೇ ಗೊತ್ತಿಲ್ಲದೋರ ಕೈಗೆ ಇದು ಸಿಕ್ರೆ ಅಪಾಯ. ನಿಮ್ಮ ಅಂಗಡಿಯವರು ಇದನ್ನ ಹೇಳದೇ ಮಾರಿದ್ದು ನನಗೆ ಬಹಳ ಸಿಟ್ಟು ತರಿಸಿದೆ.

ಇನ್ನು ನಮ್ಮ ಸ್ಟೇಟ್ ವಿಷಯ. ಪಾರ್ಕ್‌ಲ್ಯಾಂಡ್ ಸ್ಕೂಲಲ್ಲಿ 17 ಜನ ಸತ್ತ ಮೇಲೆ 2018ರ ಮಾರ್ಚಲ್ಲಿ ಕಾನೂನು ತಂದ್ರು, ಅದರಲ್ಲಿ "ಬಂಪ್ ಫೈರ್ ಸ್ಟಾಕ್" ಬ್ಯಾನ್ ಇದೆ. ಹೆಸರು ನೋಡಿದ್ರೆ ಹಿಂದಿನ ಸ್ಟಾಕ್ ಒಂದೇ ಅನ್ಸುತ್ತೆ ಅಲ್ವಾ, ಡೆಫಿನಿಷನ್ ಓದಿ: ಕಿಟ್, ಟೂಲ್, ಆಕ್ಸೆಸರಿ, ಡಿವೈಸ್ ಯಾವುದೇ ಆಗ್ಲಿ, ಆಟೋಮ್ಯಾಟಿಕ್ ಥರ ಹೊಡೆಯೋ ಹಾಗೆ ಮಾಡಿದ್ರೆ, ಇಲ್ಲಾ ಮನುಷ್ಯ ಏನೂ ಸಹಾಯ ಇಲ್ಲದೆ ಹೊಡೆಯೋಕೆ ಆಗೋದಕ್ಕಿಂತ ವೇಗ ಜಾಸ್ತಿ ಮಾಡಿದ್ರೆ ಅದು ಬಂಪ್ ಫೈರ್ ಸ್ಟಾಕ್. ಹತ್ರ ಇದ್ರೆ ಥರ್ಡ್ ಡಿಗ್ರಿ ಫೆಲನಿ, ಅಂದ್ರೆ ಗಂಭೀರ ಅಪರಾಧ. ಯಾವ ಮನುಷ್ಯ? ನಾನು ಹೊಡೆಯೋ ವೇಗ ಬೇರೆ, ಕಾಂಪಿಟಿಷನ್ ಶೂಟರ್ ಬೆರಳಿನ ವೇಗ ಬೇರೆ. ಹಗುರ ಮಾಡಿದ ಮ್ಯಾಚ್ ಟ್ರಿಗ್ಗರ್ ಹಾಕ್ಸಿದೋರು ಬಂದು ನಂದು ಇದರಲ್ಲಿ ಬರುತ್ತಾ ಅಂತ ಕೇಳ್ತಾರೆ, ನಾನು ಧೈರ್ಯವಾಗಿ ಇಲ್ಲ ಅಂತ ಹೇಳೋ ಹಾಗೆ ವಾಕ್ಯ ಬರೆದಿಲ್ಲ. ಕ್ರಿಮಿನಲ್ ಕಾನೂನು ಹಿಂಗೆ ಬರೀಬಾರ್ದು.

ಮೇರಿಲ್ಯಾಂಡಿನೋರು ಇದೊಂದನ್ನ ಚೆನ್ನಾಗಿ ಮಾಡಿದಾರೆ. ಕಂಪನಿ ಟ್ರಿಗ್ಗರ್‌ಗಿಂತ ಚೆನ್ನಾಗಿ ಕೆಲಸ ಮಾಡೋ ಸೆಮಿ ಆಟೋ ಬದಲಿ ಟ್ರಿಗ್ಗರ್ ಇದರಲ್ಲಿ ಬರಲ್ಲ ಅಂತ ಬಿಡಿಸಿ ಬರೆದಿದಾರೆ. ಆ ಒಂದು ಸಾಲಿಂದ ಎಷ್ಟು ಜನ ನೆಮ್ಮದಿಯಾಗಿ ನಿದ್ದೆ ಮಾಡ್ತಾರೋ.

ಮಿನಿಯಾಪೊಲಿಸ್ ಅಮ್ಮ

ನಾನು ಬಂದೂಕು ಇಟ್ಕೊಂಡೋಳಲ್ಲ, ಆದ್ರೂ ಈ ಪೋಸ್ಟ್ ನೋಡಿ ಬರೀಲೇಬೇಕು ಅನ್ನಿಸ್ತು. ರೇಂಜ್ ಭಾನುವಾರ ಅವರೇ, ನಿಮ್ಮ ಕಷ್ಟ ಅರ್ಥ ಆಗುತ್ತೆ, ಆದ್ರೆ ಇಷ್ಟು ಅಗಲವಾಗಿ ಯಾಕೆ ಬರೀತಾರೆ ಅಂತಲೂ ಯೋಚನೆ ಮಾಡಿ.

ನಮ್ಮ ಸ್ಟೇಟಲ್ಲಿ "ಟ್ರಿಗ್ಗರ್ ಆಕ್ಟಿವೇಟರ್" ಬ್ಯಾನ್ ಮೊದಲಿಂದಾನೂ ಇತ್ತು. ಆದ್ರೆ ಅದರಲ್ಲಿ ಏನು ಬರೆದಿತ್ತು ಅಂದ್ರೆ, ತೆಗೆದು ಹಾಕೋಕೆ ಬರೋ ಸಾಧನ ಆಗಿರ್ಬೇಕು, ಹೊಡೆಯೋ ವೇಗ ಮಷೀನ್ ಗನ್ ವೇಗಕ್ಕೆ ಹೋಗ್ಬೇಕು. ಬೈನರಿ ಟ್ರಿಗ್ಗರ್ ಈ ಮಾತುಗಳ ಸಂದಿಯಲ್ಲಿ ಆರಾಮಾಗಿ ನುಸುಳ್ಕೊಂಡು ಇತ್ತು. 2024 ಫೆಬ್ರವರಿ 18ಕ್ಕೆ ಬರ್ನ್ಸ್‌ವಿಲ್‌ನಲ್ಲಿ ಒಂದು ಮನೆಗೆ ಕರೆ ಬಂತು ಅಂತ ಹೋದ ಇಬ್ಬರು ಪೊಲೀಸರು, ಒಬ್ಬ ಫೈರ್ ಫೈಟರ್ ಪ್ಯಾರಾಮೆಡಿಕ್ ಸತ್ರು. ಬಂದೂಕು ಇಟ್ಕೊಳ್ಳೋ ಹಕ್ಕೇ ಇಲ್ಲದವನಿಗೆ ಬೇರೆಯೋರು ಖರೀದಿ ಮಾಡಿ ಕೊಟ್ಟಿದ್ರು, ಅದರಲ್ಲಿ ಒಂದಕ್ಕೆ ಬೈನರಿ ಟ್ರಿಗ್ಗರ್ ಇತ್ತು. ಆ ವಾರ ರಸ್ತೆ ಬದಿಯಲ್ಲಿ ನಿಂತು ಆ ಮೂವರ ಶವದ ಗಾಡಿ ಹೋಗೋದು ನೋಡಿದೀನಿ, ನನ್ನ ಮಗ ಯಾಕಮ್ಮ ಎಲ್ಲರೂ ಸುಮ್ನೆ ನಿಂತಿದಾರೆ ಅಂತ ಕೇಳ್ದ.

ಮೇ ತಿಂಗಳಲ್ಲಿ ಡೆಫಿನಿಷನ್‌ಗೆ ಎಳೆದಾಗ ಒಂದು, ಬಿಟ್ಟಾಗ ಇನ್ನೊಂದು ಗುಂಡು ಹಾರಿಸೋ ಸಾಧನ ಅಂತ ಹೊಸ ಸಾಲು ಸೇರಿಸಿದ್ರು. ಸರಿಯಾಗೇ ಬರೆದಿದ್ರು, ಯಾರಿಗೂ ಗೊಂದಲ ಇಲ್ಲದ ಹಾಗೆ. ಆದ್ರೆ ಅದನ್ನ ಸೆಷನ್ ಮುಗಿಯೋ ಗಡಿಬಿಡಿಯಲ್ಲಿ ಸಾವಿರಕ್ಕೂ ಜಾಸ್ತಿ ಪುಟದ ಒಂದು ಟ್ಯಾಕ್ಸ್ ಬಿಲ್ ಒಳಗೆ ತುರುಕಿದ್ರು. ಒಂದು ಕಾನೂನಲ್ಲಿ ಒಂದೇ ವಿಷಯ ಇರ್ಬೇಕು ಅಂತ ನಮ್ಮ ಸ್ಟೇಟ್ ಸಂವಿಧಾನದಲ್ಲೇ ಇದೆ. 2025ರ ಜನವರಿ 1ಕ್ಕೆ ಜಾರಿಗೆ ಬಂತು, ಆಗಸ್ಟಲ್ಲಿ ರ‍್ಯಾಮ್ಸಿ ಕೌಂಟಿ ಕೋರ್ಟಲ್ಲಿ ಜಡ್ಜ್ ಆ ಭಾಗ ಹೊಡೆದು ಹಾಕಿದ್ರು. ಬಂದೂಕಿನ ಹಕ್ಕಿನ ಮೇಲಲ್ಲ, ಬಿಲ್ ಪಾಸ್ ಮಾಡಿದ ರೀತಿ ಮೇಲೆ. ಅಷ್ಟು ದುಃಖದಿಂದ ಹುಟ್ಟಿದ ಒಂದು ಸಾಲನ್ನ ಒಂದು ಬೇರೆ ಬಿಲ್ ಆಗಿ ತರೋ ಶ್ರದ್ಧೆ ಇರಲಿಲ್ವಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ರೇಂಜ್ ಭಾನುವಾರ

ಅಮ್ಮಾ, ಒಪ್ಕೊಂಡೆ. ನಿಮ್ಮ ಸ್ಟೇಟಿನೋರು ಬರೆದ ಸಾಲು ನಮ್ಮ ಸ್ಟೇಟಿನ ಸಾಲಿಗಿಂತ ಎಷ್ಟೋ ಒಳ್ಳೇದು. ಆ ಸಾಲು ಓದಿದ್ರೆ ನನ್ನ ಕೈಲಿರೋದು ಅದೋ ಅಲ್ವೋ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ನನಗೆ ಬೇಕಾಗಿರೋದೂ ಅಷ್ಟೇ.

ಕಾನೂನು ಓದುವವನು

ಮೂಲ ಪೋಸ್ಟಲ್ಲಿ ಫ್ರೆಂಡ್ ಹೇಳಿದ್ದು ಅಂತ ಇತ್ತಲ್ಲ, ಸುಪ್ರೀಂ ಕೋರ್ಟ್ ಎಲ್ಲಾ ಓಕೆ ಮಾಡ್ತು ಅಂತ, ಅದನ್ನ ಯಾರೂ ಬಿಡಿಸಿ ಹೇಳಿಲ್ಲ. ಈ ತಪ್ಪು ತಿಳುವಳಿಕೆ ತುಂಬಾ ಜನಕ್ಕಿದೆ, ಇದನ್ನ ನಂಬ್ಕೊಂಡು ಬಾರ್ಡರ್ ದಾಟಿದ್ರೆ ಕೇಸ್ ಗ್ಯಾರಂಟಿ.

2017 ಅಕ್ಟೋಬರ್ 1ಕ್ಕೆ ಲಾಸ್ ವೇಗಸಲ್ಲಿ ಒಬ್ಬ ಹೋಟೆಲ್ ಕಿಟಕಿಯಿಂದ ಸಂಗೀತ ಕಾರ್ಯಕ್ರಮದ ಜನರ ಮೇಲೆ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ, ಆಮೇಲೆ ಗಾಯದಿಂದ ತೀರಿಕೊಂಡೋರೂ ಸೇರಿ 60 ಜನ ಹೋದ್ರು. ಅವನ ರೈಫಲ್‌ಗಳಿಗೆ ಬಂಪ್ ಸ್ಟಾಕ್ ಇತ್ತು. ಬಂಪ್ ಸ್ಟಾಕಲ್ಲಿ ಟ್ರಿಗ್ಗರ್ ಬದಲಾಗಿರಲ್ಲ, ಇಡೀ ಬಂದೂಕು ಸ್ಟಾಕ್ ಒಳಗೆ ಹಿಂದೆ ಮುಂದೆ ಜಾರುತ್ತೆ, ಬೆರಳು ಒಂದೇ ಕಡೆ ನಿಂತಿರುತ್ತೆ, ಟ್ರಿಗ್ಗರೇ ಬಂದು ಬಂದು ಬೆರಳಿಗೆ ಹೊಡ್ಕೊಳ್ಳುತ್ತೆ. ಆಮೇಲೆ ಎಟಿಎಫ್‌ನೋರು ಇದು ಮಷೀನ್ ಗನ್ನೇ ಅಂತ ರೂಲ್ ಮಾಡಿದ್ರು, 2019ರ ಮಾರ್ಚ್ 26ಕ್ಕೆ ಜಾರಿಗೆ ಬಂತು. ಹೊಸ ಕಾನೂನು ಅಲ್ಲ, 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟಲ್ಲಿರೋ ಹಳೇ ಡೆಫಿನಿಷನ್‌ಗೇ ಹೊಸ ಅರ್ಥ. ಆ ಡೆಫಿನಿಷನ್ ನಿಂತಿರೋದು ಟ್ರಿಗ್ಗರ್‌ನ ಒಂದೇ ಒಂದು ಕ್ರಿಯೆಯಿಂದ ಒಂದಕ್ಕಿಂತ ಜಾಸ್ತಿ ಗುಂಡು ಆಟೋಮ್ಯಾಟಿಕ್ಕಾಗಿ ಹಾರ್ಬೇಕು ಅನ್ನೋ ಮಾತಿನ ಮೇಲೆ.

2024 ಜೂನ್ 14ಕ್ಕೆ ಗಾರ್ಲ್ಯಾಂಡ್ ವರ್ಸಸ್ ಕಾರ್ಗಿಲ್ ಕೇಸಲ್ಲಿ 6-3 ತೀರ್ಪು ಬಂತು. ಜಸ್ಟಿಸ್ ಥಾಮಸ್ ತೀರ್ಪಿನೊಳಗೇ ಟ್ರಿಗ್ಗರ್ ಚಿತ್ರಗಳನ್ನ ಹಾಕಿ, ಪ್ರತಿ ಗುಂಡಿಗೂ ಟ್ರಿಗ್ಗರ್ ರಿಸೆಟ್ ಆಗ್ತಿದೆ, ಹಾಗಾಗಿ ಇದು ಮಷೀನ್ ಗನ್ ಅಲ್ಲ ಅಂದ್ರು. ಜಸ್ಟಿಸ್ ಸೊಟೊಮೇಯರ್ ಒಪ್ಪಲಿಲ್ಲ, ಬಾತುಕೋಳಿ ಥರ ನಡೆದು, ಬಾತುಕೋಳಿ ಥರ ಈಜಿ, ಅದರ ಥರಾನೇ ಕೂಗೋ ಹಕ್ಕಿಯನ್ನ ನಾನು ಬಾತುಕೋಳಿ ಅಂತಲೇ ಕರೀತೀನಿ ಅಂದ್ರು. ಗಮನಿಸಿ, ಬಂಪ್ ಸ್ಟಾಕ್ ಇಟ್ಕೊಳ್ಳೋದು ಸಂವಿಧಾನದ ಹಕ್ಕು ಅಂತ ಯಾರೂ ಹೇಳ್ಲಿಲ್ಲ. ಕೇಸ್ ಇದ್ದಿದ್ದು ಒಂದು ಫೆಡರಲ್ ಕಾನೂನಿನ ಪದಗಳ ಅರ್ಥದ ಬಗ್ಗೆ. ಕಾಂಗ್ರೆಸ್ ಬೇಕಿದ್ರೆ ಕಾನೂನು ತಿದ್ದಬಹುದು ಅಂತ ಜಸ್ಟಿಸ್ ಅಲಿಟೊ ಬೇರೆಯಾಗೇ ಬರೆದ್ರು. ಸ್ಟೇಟ್‌ಗಳು ತಮ್ಮದೇ ಪದಗಳಲ್ಲಿ ಬರ್ಕೊಂಡಿರೋ ಕಾನೂನಿಗೆ ಆ ತೀರ್ಪು ಮುಟ್ಟೋದೇ ಇಲ್ಲ.

ಅದಕ್ಕೇ ಪದಗಳನ್ನ ನೋಡ್ಬೇಕು ಅನ್ನೋದು. ವಾಷಿಂಗ್ಟನ್ ಸ್ಟೇಟಿನ ಡೆಫಿನಿಷನ್ ತಗೊಳ್ಳಿ, ಹೊಡೆತದ ಹಿಮ್ಮುಖ ಶಕ್ತಿಯಿಂದ ಹಿಂದೆ ಮುಂದೆ ಜಾರೋ ಸ್ಟಾಕ್ ಅಂತ ಬಿಗಿಯಾಗಿ ಬರೆದಿದಾರೆ, ಬೈನರಿ ಆ ವಾಕ್ಯದೊಳಗೆ ಬರಲ್ಲ, ಆದ್ರೆ ಅಷ್ಟರಿಂದಲೇ ಅಲ್ಲಿ ಅದು ಲೀಗಲ್ ಅಂತ ಹೇಳೋಕಾಗಲ್ಲ, ಬೇರೆ ಸೆಕ್ಷನ್‌ಗಳನ್ನೂ ನೋಡ್ಬೇಕು. ಕ್ಯಾಲಿಫೋರ್ನಿಯಾದ್ದು "ಮಲ್ಟಿಬರ್ಸ್ಟ್ ಟ್ರಿಗ್ಗರ್ ಆಕ್ಟಿವೇಟರ್", ಎರಡು ಇಲ್ಲಾ ಜಾಸ್ತಿ ಗುಂಡು ಒಟ್ಟಿಗೆ ಹಾರಿಸೋದು, ಇಲ್ಲಾ ಕೈಯಿಂದಾಗ್ಲಿ ಮೋಟರ್‌ನಿಂದಾಗ್ಲಿ ಟ್ರಿಗ್ಗರ್ ಓಡಿಸಿ ವೇಗ ಹೆಚ್ಚಿಸೋದು ಎಲ್ಲಾ ಬರುತ್ತೆ. ಒಂದೇ ಲೋಹದ ತುಂಡು, ಒಂದು ಕಡೆ ಆಟದ ಸಾಮಾನು, ಇನ್ನೊಂದು ಕಡೆ ಕ್ರಿಮಿನಲ್ ಕೇಸು. ಹಾಗೇ ಫೋರ್ಸ್ಡ್ ರಿಸೆಟ್ ಟ್ರಿಗ್ಗರ್ ಅಂತ ಬಂದಿದೆ, ಬೋಲ್ಟೇ ಟ್ರಿಗ್ಗರನ್ನ ಮುಂದಕ್ಕೆ ತಳ್ಳುತ್ತೆ ಅದರಲ್ಲಿ, 2025ರ ಮೇ ತಿಂಗಳಲ್ಲಿ ಫೆಡರಲ್ ಸರ್ಕಾರ ಅದನ್ನ ತಯಾರಿಸೋ ಕಂಪನಿ ಜೊತೆ ರಾಜಿ ಮಾಡ್ಕೊಳ್ತು, ಜೂನಲ್ಲಿ ಒಂದಷ್ಟು ಸ್ಟೇಟ್‌ಗಳು ಅದರ ವಿರುದ್ಧ ಕೋರ್ಟಿಗೆ ಹೋದ್ವು. ಆ ಸುದ್ದಿ ನೋಡ್ಕೊಂಡೂ ಎಲ್ಲಾ ಕಡೆ ಫ್ರೀ ಅಂತ ತಿಳ್ಕೊಂಡೋರಿದಾರೆ. ಅಲ್ಲ.

ಹೊಸ ಸದಸ್ಯ

ಮಧ್ಯದಲ್ಲಿ ಕೇಳ್ತಿರೋದಕ್ಕೆ ಕ್ಷಮಿಸಿ. ನಾನು ಎಚ್-1ಬಿಯಲ್ಲಿದೀನಿ, ಸಿಟಿಜನ್ ಆಗಿರೋ ರೂಮ್‌ಮೇಟ್ ಹತ್ರ ಇಂಥದ್ದೇ ರೈಫಲ್ ಇದೆ, ಅವನು ಊರಿಗೆ ಹೋಗೋವಾಗ ನನ್ನ ಬೀರುವಿನಲ್ಲಿ ಇಟ್ಕೊ ಅಂತಿದಾನೆ. ಪರವಾಗಿಲ್ವಾ?

ಕಾನೂನು ಓದುವವನು

ಬೇಡ ತಮ್ಮಾ, ಖಂಡಿತ ಬೇಡ. ನಾನ್ ಇಮಿಗ್ರಂಟ್ ವೀಸಾದಲ್ಲಿ ಬಂದೋರು ಬಂದೂಕಾಗ್ಲಿ ಬರೀ ಗುಂಡಾಗ್ಲಿ ಹತ್ರ ಇಟ್ಕೊಳ್ಳೋದೇ ಫೆಡರಲ್ ಅಪರಾಧ, ಟ್ರಿಗ್ಗರ್ ಯಾವುದು ಅನ್ನೋ ಪ್ರಶ್ನೆಯೇ ಬರಲ್ಲ. 2022ರ ತಿದ್ದುಪಡಿ ಆದ ಮೇಲೆ ಶಿಕ್ಷೆ 15 ವರ್ಷದವರೆಗೆ ಇದೆ. ವಿನಾಯಿತಿ ಉಂಟು, ಮುಖ್ಯವಾಗಿ ಇಲ್ಲಿನ ಯಾವುದಾದ್ರೂ ಸ್ಟೇಟಿನ ಹಂಟಿಂಗ್ ಲೈಸೆನ್ಸ್ ಇರೋರಿಗೆ, ಆದ್ರೆ ಯಾರದ್ದೋ ರೈಫಲ್ ಕಾಯೋಕೆ ಅಂತ ಆ ದಾರಿಗೆ ಹೋಗ್ಬೇಡ. ರೂಮ್‌ಮೇಟ್ ತನ್ನ ಸಾಮಾನು ಬೇರೆ ಕಡೆ ಇಟ್ಕೊಳ್ಳಲಿ, ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಬಾಲ್ಟಿಮೋರ್ ವಾಸಿ

ಡಲ್ಲಾಸ್ ಹುಡುಗ ಅವರೇ, ರಾತ್ರಿ ಮಲಗೋವಾಗ ಹೊಳೀತು, ಮೊದಲ ಉತ್ತರದಲ್ಲೇ ಹೇಳ್ಬೇಕಿತ್ತು. ಟ್ರಿಗ್ಗರ್ ಬಿಚ್ಚಿ ಅಲ್ಲೇ ಬಿಟ್ಟು ಬಂದ್ರೂ ನಿಮ್ಮ ಸಮಸ್ಯೆ ಮುಗಿಯಲ್ಲ. 2013ರ ಫೈರ್‌ಆರ್ಮ್ ಸೇಫ್ಟಿ ಆಕ್ಟ್ ಪ್ರಕಾರ ಎಆರ್-15, ಅದರ ಕಾಪಿಗಳು ಎಲ್ಲಾ ಇಲ್ಲಿ ಅಸಾಲ್ಟ್ ವೆಪನ್, ಸ್ಟೇಟ್ ಒಳಗೆ ತರೋ ಹಾಗೇ ಇಲ್ಲ. ಎಚ್‌ಬಾರ್ ಸ್ಪೋರ್ಟರ್, ಅಂದ್ರೆ ದಪ್ಪ ಬ್ಯಾರಲ್‌ದಕ್ಕೆ ಮಾತ್ರ ಹೊರಗಿಟ್ಟಿದಾರೆ. ಇದರ ಮೇಲೂ ವರ್ಷಗಟ್ಲೆ ಕೇಸ್ ನಡೀತು, 2024 ಆಗಸ್ಟಲ್ಲಿ ಫೋರ್ತ್ ಸರ್ಕ್ಯೂಟ್ ಕಾನೂನು ಎತ್ತಿ ಹಿಡೀತು, 2025ರ ಜೂನಲ್ಲಿ ಸುಪ್ರೀಂ ಕೋರ್ಟ್ ಕೇಳೋಕೆ ಒಪ್ಪಲಿಲ್ಲ, ಹಾಗಾಗಿ ಕಾನೂನು ಹಾಗೇ ನಿಂತಿದೆ.

ಬ್ಯಾರಲ್ ಮೇಲೆ ಏನು ಕೆತ್ತಿದೆ ನೋಡಿ. ಆಮೇಲೆ ಮೇರಿಲ್ಯಾಂಡ್ ಸ್ಟೇಟ್ ಪೊಲೀಸ್ ಲೈಸೆನ್ಸಿಂಗ್ ವಿಭಾಗಕ್ಕೆ ಬರೆದು ಕೇಳಿ, ಇಲ್ಲಿನ ಒಬ್ಬ ಲಾಯರ್ ಹತ್ರಾನೂ ಒಂದು ಗಂಟೆ ಮಾತಾಡಿ. ಕೈಬಂದೂಕು ಏನಾದ್ರೂ ಇದ್ರೆ ಬಂದು ನೆಲೆಸಿದ 90 ದಿನದೊಳಗೆ ರಿಜಿಸ್ಟರ್ ಮಾಡ್ಸಬೇಕು, ಅದನ್ನ ಮರೀಬೇಡಿ.

ಡಲ್ಲಾಸ್ ಹುಡುಗ

ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್. ಇವತ್ತು ಗನ್‌ಸ್ಮಿತ್ ಹತ್ರ ಹೋಗಿದ್ದೆ. ಎರಡು ಪಿನ್ ತಳ್ಳಿ ಟ್ರಿಗ್ಗರ್ ಹೊರಗೆ ತೆಗೆದು ನನ್ನ ಅಂಗೈಯಲ್ಲಿ ಇಟ್ರು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ, ಇಷ್ಟಕ್ಕೆ ಮೂರು ವರ್ಷ ಜೈಲಾ ಅಂತ ನೋಡ್ತಾನೇ ನಿಂತಿದ್ದೆ. ಮಾಮೂಲಿ ಟ್ರಿಗ್ಗರ್, ಎರಡೇ ಪೊಸಿಷನ್‌ನ ಸೆಲೆಕ್ಟರ್ ವಾಪಸ್ ಹಾಕ್ಸಿದೆ. ಬ್ಯಾರಲ್ ನೋಡಿದ್ವಿ, ಎಚ್‌ಬಾರ್ ಅಲ್ಲ, ತೆಳ್ಳಗಿಂದೇ.

ಹಾಗಾಗಿ ರೈಫಲ್ ಬಾಲ್ಟಿಮೋರ್‌ಗೆ ಬರ್ತಿಲ್ಲ. ಇಲ್ಲೇ ಟೆಕ್ಸಾಸಲ್ಲೇ ಇರೋ ಒಬ್ಬ ಸ್ನೇಹಿತ ತಗೊಳ್ತಿದಾನೆ, ನಮ್ಮಿಬ್ಬರ ಮಧ್ಯೆ ಮಾರೋಕೆ ಡೀಲರ್ ಬೇಕೇ ಬೇಕು ಅಂತಿಲ್ಲ, ಆದ್ರೂ ಲೈಸೆನ್ಸ್ ಇರೋ ಡೀಲರ್ ಮೂಲಕವೇ ಮಾಡ್ತೀನಿ, ಚೆಕ್ ಆಗಿ ಕಾಗದ ಕೈಗೆ ಬರಲಿ. ಬೈನರಿ ಟ್ರಿಗ್ಗರ್ ಅವನಿಗೂ ಕೊಡ್ತಿಲ್ಲ, ಅವನ ಮನೇಲಿ ಹದಿನಾರು ವರ್ಷದ ಮಗ ಇದಾನೆ, ರೇಂಜಿಗೆ ಜೊತೆಗೇ ಹೋಗ್ತಾನೆ. ಗನ್‌ಸ್ಮಿತ್ ಹತ್ರಾನೇ ಬಿಟ್ಟು ಬಂದೆ.

ಬಾಲ್ಟಿಮೋರ್ ವಾಸಿ ಸರ್, ಬಂದ ಮೇಲೆ ಅಲ್ಲಿನ ರೇಂಜ್ ಯಾವುದು ಒಳ್ಳೇದು ಅಂತ ಕೇಳ್ತೀನಿ, ಆಗ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯೋ ರೈಫಲ್) ತಗೊಳ್ಳೋಣ ಅಂತಿದೀನಿ.

ಬಾಲ್ಟಿಮೋರ್ ವಾಸಿ

ಬನ್ನಿ ಬನ್ನಿ. ಬೋಲ್ಟ್ ಆಕ್ಷನ್ ಒಳ್ಳೇ ಯೋಚನೆ, ನನ್ನದೂ ಅದೇ. ತಗೊಳ್ಳೋ ಮುಂಚೆ ಒಂದ್ಸಲ ನಂದರಲ್ಲಿ ಹೊಡೆದು ನೋಡಿ, ಅದು ನಿಮ್ಮ ಭುಜಕ್ಕೆ ಹೊಂದುತ್ತಾ ಅಂತ ಗೊತ್ತಾಗುತ್ತೆ.